ನೀರಿನ ಎಲ್ಲೆಗಲ್ಲು

ಇಲ್ಲ ಅಂದ್ರ ಇಲ್ಲ, ರೇಣುಕವ್ವಾ! ನಾಳಿ ಆ ಅಧಿಕಾರಿ ಕೆರಿ ನೋಡಾಕ ಬರಲಿ, ಬಿಡಲಿ, ನಾ ಸಾಕ್ಷಿ ಹೇಳಾಂವಲ್ಲ. ಆಯುಷ್ಯವೆಲ್ಲ ಶಾಸನ ಓದಿದ ನಾಲಿಗಿ ಇದು. ನಿಮ್ಮ ಓಣಿಯ ಗಟಾರದ ವ್ಯಾಜ್ಯಕ್ಕ ಎರವು ಕೊಡುವ ವಸ್ತುವಲ್ಲ... ನಿಂತೀ ಯಾಕ? ಹಿತ್ತಲ ಬಾಗಲದಿಂದ ಬಂದೀ, ಹಿತ್ತಲದಾಗೇ ಕುಂಡ್ರು.

ಏನಂದಿ? ಕೆರಿ? ಆ ಕೆಸರಿನ ಮಡುವನ್ನ ಕೆರಿ ಅನ್ನೂದು ಆ ಶಬ್ದಕ್ಕೇ ಅಪಮಾನ! ಒಂದಿಷ್ಟು ಆಪಿನ ಹುಲ್ಲು, ಎಮ್ಮಿ ಹೊರಳಾಡುವ ಜವಳು. ಚಳಿಗಾಲಕ್ಕ ಮಾಗಡಿ ಕೆರಿಯ ಹಕ್ಕಿ ಇಲ್ಲಿಗೂ ಇಳೀತಾವಂತ... ಇಳೀಲಿ! ಅವನ್ನೇ ಕರಕೊಂಡು ಬಂದು ಸಾಕ್ಷಿ ಹೇಳಸ್ರಿ!

ಗೊತ್ತೈತಿ, ಗೊತ್ತೈತಿ. ಲೇಔಟಿನವರು ಗರಸು ಸುರಿದು ಕೆರಿಯ ಅಂಗಳ ಎತ್ತರಿಸಿದ್ರು. ನಿಲ್ಲಾಕ ಜಾಗವಿಲ್ಲದ ಮಳಿನೀರು ನಿಮ್ಮ ಓಣಿಗೆ ಹೊಕ್ಕತು. ನಿನ್ನ ಗ್ವಾಡಿ ಬಿತ್ತು, ನೆರಮನಿ ಅಮೀನಬಿಯ ಆಡು ತೇಲಿಹೋತು. ಮುಂದಿನ ಮಳಿಗೆ ಉಳಿದ ಮನಿಗಳೂ ಹೋಗತಾವ, ಇಷ್ಟೇ ಅಲ್ಲೇನು? ಮಣ್ಣಿನ ಗ್ವಾಡಿ ಕಟ್ಟಿದವರು ಮಳಿಯನ್ನ ಬೈದ್ರೇನು ಬಂತು!... ಹಂಗ್ಯಾಕ ನೋಡತಿ?

ಕಲ್ಲು! ಮತ್ತ ಅದೇ ಕಲ್ಲು! "ಕೆರಿ ತುಂಬಿದಾಗ ನೀರು ಮುಟ್ಟುವ ಕಲ್ಲು, ಅದರ ಒಳಗಿನ ನೆಲವೆಲ್ಲ ನೀರಿಂದು ಅಂತ ಬರದೈತಿ, ನೀವೇ ಓದಿ ಹೇಳಿದ್ರಿ..." ನಾನು? ಸುಳ್ಳು! ಅದರ ಮ್ಯಾಲ ಅಕ್ಷರವೇ ಇರಲಿಲ್ಲ. ನೀವು ವರ್ಷಾ ಹಚ್ಚಿದ ಅರಿಷಿಣದ ಕಲೆ, ಅಷ್ಟೇ. ಈಗ ಅದು ಕಳುವಾತಂತ! ಕಲ್ಲನ್ನ ಕದ್ದು ಯಾರು ಉಣ್ಣತಾರವಾ? ಗರಸಿನ ಬುಡಕ ಸಿಕ್ಕಿರಬೇಕು, ಅಗೀರಿ.

ಆ ಲೇಔಟಿನ ಧಣಿಯನ್ನ ನೀವು ಬೈತೀರಿ. ಅವಗ ವಿದ್ಯೆಯ ಬೆಲಿ ಗೊತ್ತು. ಅಲ್ಲಿ ನನ್ನ ಹೆಸರಿಲೆ ಒಂದು ಗ್ರಂಥಭಂಡಾರ ಕಟ್ಟಸತಾನ. ಗೆದ್ದಲ ಬಾಯಿಗೆ ಬಿದ್ದ ನನ್ನ ಪುಸ್ತಕಗಳಿಗೆ ಕಡೀಕ ಒಂದು ಮನಿ!... ಯಾಕ ನಕ್ಕಿ? ನಗುವಂಥಾದ್ದೇನೈತಿ ಇದರಾಗ?

ಆ ಗಂಟಿನಾಗೇನು? ಅಕ್ಕಿ, ಕೊಬ್ಬರಿ, ಹಸರ ಖಣ... ಓಹೋ, ಉಡಿ! ಈ ಮನಿಯಾಗ ಹೆಣ್ಣುಮಕ್ಕಳಿಲ್ಲ, ನನಗೇ ಉಡಿ ತುಂಬತೀಯೇನು? ಹ್ಹ! ಹ್ಹ!... ಹಾಂ, ತಿಳೀತು. ಕೆರಿ ತುಂಬಿತು, ಗಂಗವ್ವಗ ಉಡಿ ತುಂಬಬೇಕು; ತುಂಬಾಕ ಕಲ್ಲಿಲ್ಲ. ಎಂಥಾ ಭಕ್ತಿ! ಯಾವುದರೆ ಒಂದು ಕಲ್ಲಿಗೆ ತುಂಬವಾ, ಗದಗಿನಾಗ ಕಲ್ಲಿಗೇನು ಬರ?

ಎಲ್ಲಿಗೆದ್ದಿ?

ಅದಲ್ಲ... ಅದು ಅರಿಬಿ ಒಗಿಯೂ ಕಲ್ಲು. ಏನು ಹಂಗ ಹುಬ್ಬೇರಸತಿ? ಒಗಿಯೂ ಕಲ್ಲು ಗ್ವಾಡಿಗೆ ಮುಖ ಮಾಡಿ ನಿಂತಿರತೈತೇನು ಅಂತ? ನಮ್ಮ ಮನಿಯಾಗ ನಿಂತಿರತೈತಿ! ಗೋಣಿತಟ್ಟು... ಅದು ಬಿಸಿಲಿಗೆ. ಬಿಸಿಲಿಗೆ ಸೀಳಬಾರದಂತ... ತೆಗಿಬ್ಯಾಡ. ರೇಣುಕವ್ವಾ, ಹೇಳಿದ್ದು ಕೇಳಸಲಿಲ್ಲೇನು? ತೆಗಿಬ್ಯಾಡ ಅಂದೆ!

ಅರಿಷಿಣ ಯಾಕ ಹಚ್ಚತಿ ಅದಕ್ಕ? ಹುಚ್ಚಿ, ಅದು ಹಿಂಬದಿ... ಅಂದ್ರ, ಕಲ್ಲಿಗೆ ಎಂಥಾ ಹಿಂಬದಿ, ಎಂಥಾ ಮುಂಬದಿ... ಕೈ ತೆಗಿ. ತಿರುಗಸಬ್ಯಾಡ. ನಿನ್ನಂಥಾಕಿಗೆ ಅದರ ಬೆಲಿ ಏನು ತಿಳೀತೈತಿ! ಒಡದು ಗರಸಿನಾಗ ಹಾಕ್ರಿ ಅಂದಿದ್ದ ಆ ಧಣಿ, ನಾ ಅಷ್ಟು ಕಟುಕ ಅಲ್ಲ...

ಹಗುರಕ! ಹಗುರಕ, ನಮ್ಮವ್ವಾ! ಹಂಗ ಎಳದ್ರ ಕೆಳಗಿನ ಸಾಲಿನ ಅಕ್ಷರ ಗ್ವಾಡಿಗೆ ತಿಕ್ಕಿ ಹೋಗತಾವ!

...

ಕೈ ಯಾಕ ನಿಂತಿತು?... ಹಂಗ ನೋಡಬ್ಯಾಡ. ರೇಣುಕವ್ವಾ, ಬೈಯೂದಿದ್ರ ಬೈಯಿ.