ಬಟ್ಟಲು ಸೀಳುವ ಸದ್ದು

ನಗ್ಬೇಡಿ. ದೆವ್ವ ಅಂದ್ರೆ ಕೂದಲು ಬಿಟ್ಕೊಂಡೇ ಬರ್ಬೇಕು ಅಂತ ಎಲ್ಲೂ ಬರೆದಿಲ್ಲ. ಇದು ನಮ್ಮ ಚಿಕ್ಕಪ್ಪನ ಮಕ್ಕಳಿಗೆ ಆಗಿದ್ದು...

ಆವತ್ತು ರಾತ್ರಿ ಅಣ್ಣ ತಮ್ಮ ಇಬ್ಬರೂ ಹಳೇ ಬಾವಿ ಪಕ್ಕದ ದಾರೀಲಿ ಮನೆಗೆ ನಡ್ಕೊಂಡು ಬರ್ತಿದ್ರು. ಸಂಜೆ ಅಣ್ಣನ ಕಾರು ಲಾರಿಗೆ ಗುದ್ದಿತ್ತು. ಕಾರಿನ ಮೂತಿ ನಜ್ಜುಗುಜ್ಜು. ಆದ್ರೆ ಅಣ್ಣ ಕೂತಿದ್ದ ಜಾಗ ಹಾಗೇ ಇತ್ತು, ಮೈಮೇಲೆ ಒಂದು ಗೀರಿಲ್ಲ!

ತಮ್ಮನ ಕೆಲಸ ಅಂಥ ಕಾರಿನ ಉಕ್ಕನ್ನ ಪರೀಕ್ಷೆ ಮಾಡೋದು. ಹೊಸ ಜಾತಿ ಉಕ್ಕು. ಗಟ್ಟಿ ಅಂದ್ರೆ ಗಟ್ಟಿ, ಆದ್ರೂ ಎಳೆದಷ್ಟೂ ಹಿಗ್ಗುತ್ತೆ. ಅದರ ತಗಡನ್ನ ಪ್ರೆಸ್ಸಲ್ಲಿ ಒತ್ತಿ, ಬಟ್ಟಲು ಮಾಡಿ ಕಪಾಟಲ್ಲಿ ಇಡ್ತಾರೆ. ಆಗ ಚೆನ್ನಾಗೇ ಇರುತ್ತೆ. ಆದ್ರೆ ಒತ್ತಿದ ಬಿಗಿ ಒಳಗೇ ಕೂತಿರುತ್ತಲ್ಲ... ಕೆಲವು ಬಟ್ಟಲು ರಾತ್ರಿ, ಯಾರೂ ಮುಟ್ಟದೆ, ತಾವಾಗೇ ಸೀಳ್ತವೆ. ಟಿಣ್! ಅದಕ್ಕೇ ಬೆಳಗಾಗೋವರೆಗೆ ಯಾವ ಬಟ್ಟಲಿಗೂ 'ಪಾಸು' ಅನ್ನೋ ಹಾಗಿಲ್ಲ. ಅಲ್ಲಿ ಅದು ಕಟ್ಟುನಿಟ್ಟು.

ಅಣ್ಣ ಉಳಿದ ಖುಷೀಲಿ ತಮ್ಮ ಅದನ್ನ ಮರೆತ. ಬಾವಿ ಹತ್ರ ಬಂದಾಗ, ಬಟ್ಟಲಿಗೆ ಬಡಿಯೋ ಹಾಗೇ ಅಣ್ಣನ ಬೆನ್ನಿಗೆ ಬೆರಳ ಗೆಣ್ಣಲ್ಲಿ ಬಡಿದು, "ಪಾಸು ಕಣಣ್ಣ!" ಅಂದ.

ಟಿಣ್...

ಸಣ್ಣ ಸದ್ದು. ತಮ್ಮ ಬಾವಿ ಕಡೆ ತಿರುಗಿ ನೋಡಿದ. ಒಂದು ಕಪ್ಪೆಯೂ ಇಲ್ಲ.

"ಕೇಳಿಸ್ತಾ?" ಪಿಸುಗುಟ್ಟಿದ.

"ಏನು? ನಡಿಯೋ, ಅಮ್ಮ ಕಾಯ್ತಿರ್ತಾಳೆ."

ಟಿಣ್...

ಈ ಸಲ ಸದ್ದು ಅಣ್ಣನ ಎದೆಯೊಳಗಿಂದ ಬಂತು. ಸೀಳೋದು ಒಂದ್ಸಲ ಶುರುವಾದ್ರೆ ಅದನ್ನ ತಡೆಯೋರಿಲ್ಲ, ತಮ್ಮನಿಗೆ ಗೊತ್ತು. ಆದ್ರೂ ಎರಡೂ ತೋಳಲ್ಲಿ ಅಣ್ಣನ್ನ ಬಿಗಿಯಾಗಿ ಹಿಡ್ಕೊಂಡ. ಒಡಹುಟ್ಟಿದವನಲ್ವಾ, ಬಿಡೋಕಾಗುತ್ತಾ?

"ಏನೋ ಇದು, ಎಳೇ ಮಗು ಥರ..." ಅಂದ ಅಣ್ಣ.

"ಮಾತಾಡ್ಬೇಡ. ಮೆಲ್ಲಗೆ ಉಸಿರಾಡು. ಬೆಳಗಾಗ್ಲಿ..."

"ಬೆಳಗಿನ ತನಕ ಹೀಗೇ ನಿಲ್ಲೋದಾ?" ಅಣ್ಣ ನಕ್ಕುಬಿಟ್ಟ.

ನಕ್ಕಿದ್ದೇ ಕೊನೆ. ಟಿಣ್. ತೋಳಲ್ಲಿದ್ದವನು ಹೆಣಭಾರ ಆದ.

ತಮ್ಮನ ಕೂಗು ಕೇಳಿ ಓಡಿದವರಲ್ಲಿ ನಾನೂ ಇದ್ದೆ. ಗುದ್ದಿದ ಪೆಟ್ಟು ಒಳಗೇ ಉಳಿದಿತ್ತು, ಎದೆಯ ರಕ್ತನಾಳ ಒಡೆದಿದೆ ಅಂದ್ರು ಡಾಕ್ಟರು. ಇರಬಹುದಪ್ಪ, ಓದಿದವರು. ಆದ್ರೆ ಅವನನ್ನ ಎತ್ತಿದ್ದು ಈ ಕೈಗಳು. ಅಂಗಿ ಬೆನ್ನಲ್ಲಿ ಕಾಲರಿಂದ ಕೆಳಗಿನವರೆಗೆ ನೆಟ್ಟಗೆ ಸೀಳಿತ್ತು... ಹೊಲಿಗೆಯೇ ಇಲ್ಲದ ಕಡೆ. ಮುಂದೆ ಗುಂಡಿಗಳೆಲ್ಲ ಹಾಕಿದ ಹಾಗೇ ಇದ್ದವು. ನಂಬಿದ್ರೆ ನಂಬಿ, ಬಿಟ್ರೆ ಬಿಡಿ. ನಾನು ನೋಡಿದ್ದೀನಿ.