ಗಡ್ಡದಣ್ಣನ ದನಿ ಹೋಯ್ತು

...ಇಲ್ಲ ಅಂದ್ರೆ ಇಲ್ಲ! ಬರಲ್ಲ! ಟಿಕೆಟ್ ತಂದಿದೀನಿ ಅಂತ ಹಾಗೆ ಮೂಗಿನ ಮುಂದೆ ಆಡಿಸ್ಬೇಡ, ನಾನೇನು ಎಳೇ ಮಗು ಅಲ್ಲ. ಗಡ್ಡದಣ್ಣನ ಕೊನೇ ಕಾರ್ಯಕ್ರಮ ಆದ್ರೇನು, ಮೊದಲನೇದಾದ್ರೇನು... ಅವನ ದನಿ ಹೋಗಿ ಎಷ್ಟು ಕಾಲ ಆಯ್ತು! ಹೋದ ದನಿ ಕೇಳೋಕೆ ಯಾರಾದ್ರೂ ಟಿಕೆಟ್ ತಗೋತಾರಾ?

ಏನು? ಈ ಕಡೆ ತಿರುಗಿ ಹೇಳಮ್ಮ. ಅಪ್ಪನಿಗೆ ಬೆನ್ನು ಹಾಕ್ಕೊಂಡು ಮಾತಾಡೋದು ಯಾವಾಗಿಂದ ಕಲ್ತೆ? ನಿನ್ನ ಗಂಡನ ಮನೇಲಿ ಎಲ್ರೂ ಬೆನ್ನಲ್ಲಿ ಬಾಯಿ ಇಟ್ಕೊಂಡಿದಾರಾ? ಹಾಂ, ಬಾ. ಇಲ್ಲಿ ಕೂತ್ಕೋ, ಕಿಟಕಿ ಬೆಳಕಿಗೆ. ವೇಲು ಬಾಯಿಂದ ತೆಗಿ. ಈಗ ಹೇಳು.

ನಗ್ತೀಯಾ? ಯಾಕೆ ನಗು? ನಿನಗೆ ತೊಟ್ಟಿಲಲ್ಲಿ ಅವನ ಹಾಡು ಹಾಡಿದ ಅಪ್ಪನೇ ಈಗ ಅವನನ್ನ ಬೈತಾನೆ ಅಂತ ತಾನೆ? ಬೈತೀನಿ! ನನಗೆ ಹಕ್ಕಿದೆ. ಜನ್ಮ ಪೂರ್ತಿ ಅವನ ಹಾಡಿಗೆ ಸುತ್ತಿಗೆ ಬಡಿದೋನು ನಾನು. ನಿಮ್ಮಮ್ಮ ಅವನನ್ನ ಸವತಿ ಅಂತಿದ್ಲು. ಗಡ್ಡ ಇರೋ ಸವತಿ!

ನಮ್ಮ ಟ್ರಂಕಿನ ಅಂಗಡಿ ನೆನಪಿದೆಯಲ್ಲ... ತಗಡು ಮಡಿಸೋದು, ಮೂಲೆ ಬಡಿಯೋದು, ರಿವೆಟ್ ಹೊಡೆಯೋದು. ಎಲ್ರೂ ಒಟ್ಟಿಗೆ ಬಡಿಯೋಕೆ ಕೂತ್ರೆ ಬೀದಿ ನಾಯಿನೂ ಆ ಕಡೆ ಸುಳೀತಿರ್ಲಿಲ್ಲ. ಆ ಗಲಾಟೆ ಮೇಲೆ, ಗೋಡೆಗೆ ನೇತು ಹಾಕಿದ್ದ ಟೇಪ್ ರೆಕಾರ್ಡರಲ್ಲಿ ಗಡ್ಡದಣ್ಣ! ಅದರ ಗುಂಡಿ ಪೂರ್ತಿ ತಿರುವಿ ಇಟ್ಟಿರ್ತಿದ್ದೆ. ದೋಣಿ ನಡೆಸೋರು, ಕಲ್ಲು ಒಡೆಯೋರು ಹಾಡ್ತಿದ್ದ ಪದಗಳಿಗೆ ಕರೆಂಟ್ ಗಿಟಾರು, ಡ್ರಮ್ಮು ಕಟ್ಟಿದ ನೋಡು, ದೊಡ್ಡ ದೊಡ್ಡ ವಿದ್ವಾಂಸರು ಮೂಗು ಮುರಿದ್ರು. ಮುರೀಲಿ! ನಮ್ಮ ಸುತ್ತಿಗೆಗೆ ತಾಳ ಸಿಕ್ತು. 'ಆಚೆ ದಡದ ದೀಪವೇ, ಆರಬೇಡ ನಾ ಬರೋ ತನಕ'... 'ದೀಪ' ಅಂದಾಗ ಒಂದು ಏಟು, 'ಆರಬೇಡ' ಅಂದಾಗ ಒಂದು ಏಟು. ಕಣ್ಣು ಮುಚ್ಚಿಕೊಂಡು ಬಡೀತಿದ್ದೆ ಕಣೆ. ಈ ಹೆಬ್ಬೆರಳು ಸೊಟ್ಟ ಆಗಿದ್ದು ಮತ್ತೆ ಹೇಗೆ ಅಂದ್ಕೊಂಡೆ?

ಯಜಮಾನ್ರು ಒಂದಿನ ಎಲ್ರಿಗೂ ಕಿವಿಗೆ ಇಟ್ಕೊಳ್ಳೋಕೆ ರಬ್ಬರ್ ಬಿರಡೆ ಕೊಟ್ರು. ಬೇರೆಯೋರೆಲ್ಲ ಇಟ್ಕೊಂಡ್ರು. ನಾನು? ಜೇಬಿಗೆ ಹಾಕ್ಕೊಂಡೆ! ಬಿರಡೆ ಹಾಕಿದ್ರೆ ಗಡ್ಡದಣ್ಣ ಹೇಗೆ ಕೇಳಿಸ್ತಾನೆ? ಆಮೇಲೆ ನೀನು ಅದನ್ನ ಗೊಂಬೆಗೆ ಟೋಪಿ ಮಾಡಿದ್ಯಲ್ಲ, ಹಹ್ಹ...

ನಗಲ್ವಾ? ಈಗ ತಾನೆ ನಗ್ತಿದ್ದೆ. ಯಾಕೆ ಹಾಗೆ ನೋಡ್ತೀಯಾ?

ಸರಿ, ವಿಷಯಕ್ಕೆ ಬರ್ತೀನಿ. ಆಗಿನ ಅವನ ದನಿ... ಏನಂತ ಹೇಳ್ಲಿ! ಕತ್ತರಿಸಿದ ತಗಡಿನ ಅಂಚು. ಒರಟು ಒರಟು, ಆದ್ರೆ ಮುಟ್ಟಿದ್ರೆ ಕುಯ್ಯೋದು. ಒಂದೊಂದು ಮಾತೂ ನೆಟ್ಟಗೆ ಎದೆಗೆ. ಆಮೇಲೆ ಏನಾಯ್ತೋ... ಮೊದಲು ಅವನ ಹಾಡಿಂದ ಪಿಟೀಲು ಹೋಯ್ತು. ಇದೆ ಅಂತಾರೆ. ಎಲ್ಲಿದೆ? ಆಮೇಲೆ ಕೊಳಲು ಹೋಯ್ತು, ಗೆಜ್ಜೆ ಹೋಯ್ತು. ಆಮೇಲೆ ಮಾತು ನುಂಗೋಕೆ ಶುರು ಮಾಡ್ದ, ಬಾಯಲ್ಲಿ ಬಿಸಿ ಅನ್ನ ಇಟ್ಕೊಂಡೋರ ಹಾಗೆ ಗೊಣ ಗೊಣ ಗೊಣ. ಈಚಿನ ಮೂರು ಆಲ್ಬಮ್ಮಂತೂ... ಬರೀ ಡ್ರಮ್ಮು! ಗುದ್ದೋದು, ಗುದ್ದೋದು. ಹಾಡೋನೆಲ್ಲಿ? ಕೇಳಿದ್ರೆ ಮೈಕ್ ಸರಿ ಇಲ್ಲ ಅಂತಾನೆ. ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ!

ಹೌದಮ್ಮ, ಮೂರನ್ನೂ ಬಂದ ದಿನವೇ ತಂದೆ. ಅದಕ್ಕೇನೀಗ? ಹಾಳಾಗಿ ಹೋದ ಅಂತ ಮನೆಮಗನಿಗೆ ತಟ್ಟೆ ಇಡಲ್ವಾ?

ಏನು, ಹೊಸದು ಚೆನ್ನಾಗಿದೆಯಾ? ಬಸ್ಸಲ್ಲಿ ಕೇಳಿ ಅತ್ತೆಯಾ? ಪಕ್ಕದ ಹೆಂಗಸು ಕರ್ಚೀಫ್ ಕೊಟ್ಳಾ?... ಭೇಷ್! ಪೇಪರಲ್ಲಿ ಬರೆದಿದ್ರಲ್ಲ, ಮೂರನೇ ಹಾಡಲ್ಲಿ ಒಂದು ವಾದ್ಯವೂ ಇಲ್ಲ, ಮುದುಕ ಬರೀ ಪಿಸುಗುಟ್ತಾನೆ ಅಂತ. ಪಿಸುಗುಟ್ಟೋಕೆ ಅವನೇ ಬೇಕಾ? ಪಕ್ಕದ್ಮನೆಯೋರು ದಿನಾ ಪಿಸುಗುಟ್ತಾರೆ, ಅವರಿಗೆ ಯಾರು ಹಾರ ಹಾಕ್ತಾರೆ?... ಹೌದು, ಪೇಪರಲ್ಲೂ ಓದ್ದೆ, ನಾನೂ ಕೇಳ್ದೆ. ಕೇಳ್ದೆ ಅಂದ್ನಲ್ಲ!

ನಿಮ್ಮಮ್ಮ ಏನೋ ಚಾಡಿ ಹೇಳಿದಾಳೆ. ಕುಕ್ಕರ್ ಕೂಗಿ ಕೂಗಿ ಸತ್ರೂ ಏಳಲ್ಲ ಅಂತಾಳಾ? ಬೈದ್ರೂ ತಲೆ ಎತ್ತಲ್ಲ ಅಂತಾಳಾ? ಅವಳ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೋನಿಗೆ ಅಷ್ಟಾದ್ರೂ ವಿದ್ಯೆ ಬೇಡ್ವಾ? ಫೋನಾ?... ಫೋನು ನನಗೆ ಮೊದಲಿಂದ್ಲೂ ಆಗಲ್ಲ. ನೀನು ಮಾಡ್ದಾಗೆಲ್ಲ ಅಮ್ಮನ ಕೈಗೆ ಕೊಡ್ತೀನಿ, ನಿಜ... ಕೋಪಾನಾ? ನಿನ್ನ ಮೇಲಾ? ಛೆ, ಛೆ! ಇಷ್ಟು ದಿನ ಹಾಗಂದ್ಕೊಂಡು ಕೂತಿದ್ಯಾ? ಹುಚ್ಚಿ! ನಿನ್ನ ಮೇಲೆ ನನಗ್ಯಾಕೆ ಕೋಪ...

ಹಾಕು, ಆ ಹಾಡು ಹಾಕು. ಆ ಸ್ಪೀಕರ್ ಡಬ್ಬಿ ತಂದಿದೀಯಲ್ಲ, ಮೂರನೇದೇ ಹಾಕು. ಈಗಲೇ ತೀರ್ಮಾನ ಆಗಿಬಿಡ್ಲಿ. ಓ, ನೀಲಿ ದೀಪ ಬಂತು. ಸುಮ್ನಿರು ಈಗ. ಕಣ್ಣು ಮುಚ್ಕೋತೀನಿ, ಗಡ್ಡದಣ್ಣನ್ನ ನಾನು ಕಣ್ಣು ಬಿಟ್ಕೊಂಡು ಯಾವತ್ತೂ ಕೇಳಿಲ್ಲ.

ಹೂಂ... ನೋಡು. ಎಳೀತಾನೆ. ಉಸಿರು ಸಾಲ್ತಿಲ್ಲ. ಇಲ್ಲಿ... ಇಲ್ಲಿ ದನಿ ಏರಬೇಕಿತ್ತು, ಏರ್ತಾ? ಇಲ್ಲ! ಪಿಸುಪಿಸು, ಬರೀ ಪಿಸುಪಿಸು. ಅಯ್ಯೋ, ಎಂಥಾ ಗಂಟಲು ಎಲ್ಲಿಗೆ ಬಂತು... ಹೂಂ. ಮುಗೀತು ನೋಡು. ಮುಗಿಸೋಕೂ ಬರಲ್ಲ, ಹಾಗೇ ಕೈ ಬಿಟ್ಬಿಟ್ಟ. ಈಗ ಹೇಳು, ನನ್ನ ಮಾತು ಸುಳ್ಳಾ?

ಹೇಳು.

ಯಾಕೆ ಹಾಗೆ ಕೂತಿದೀಯ? ಮಾತಾಡು. ತುಟಿನಾದ್ರೂ ಅಲ್ಲಾಡಿಸೆ... ಏನದು, ಫೋನ್ ಯಾಕೆ ತೋರಿಸ್ತೀಯ? ಕನ್ನಡಕ ಎಲ್ಲಿಟ್ನೋ... ಕೊಡು.

...ಹಾಕೇ ಇಲ್ವಾ?

ಸೊನ್ನೇಲೇ ನಿಂತಿದೆ. ಹಾಡು ಶುರುನೇ ಆಗಿಲ್ಲ. ಬರೀ ಡಬ್ಬಿಗೆ ದೀಪ ಹಚ್ಚಿ, ನನ್ನನ್ನ ಕೂರಿಸಿ... ಅಪ್ಪನ್ನ ಪರೀಕ್ಷೆ ಮಾಡಿದ್ಯಾ ಪುಟ್ಟಿ? ಕೈ ಬಿಡು. ಬಿಡು ಅಂದೆ!

ಬೇಡ... ಬಿಡಬೇಡ.

ಹೌದು. ಕೇಳಲ್ಲ. ಏನೂ ಕೇಳಲ್ಲ. ಡ್ರಮ್ಮಿನ ಗುದ್ದು ಒಂದು ಗೊತ್ತಾಗತ್ತೆ, ಅದೂ ನೆಲದಿಂದ, ಅಂಗಾಲಿಗೆ. ಆ ಮೂರು ಆಲ್ಬಮ್ಮಲ್ಲಿ ಒಂದೇ ಒಂದು ಸಾಲು ನಾನು ಕೇಳಿಲ್ಲ ಕಣೆ. ತಂದೆ, ಹಾಕ್ದೆ, ಹಾಡಿನ ಪೆಟ್ಟಿಗೆಗೆ ಕಿವಿ ಒತ್ತಿಕೊಂಡು ಕೂತೆ, ಕೆನ್ನೆ ಬಿಸಿಯಾಯ್ತು, ಅವನು ಬರ್ಲಿಲ್ಲ. ಯಾರಿಗೆ ಹೇಳ್ಲಿ? ನನಗೆ ಕಿವಿ ಹೋಯ್ತು ಅನ್ನೋದಕ್ಕಿಂತ ಗಡ್ಡದಣ್ಣನಿಗೆ ದನಿ ಹೋಯ್ತು ಅನ್ನೋದು ಸುಲಭವಾಗಿತ್ತು. ಪಾಪ, ಅಷ್ಟು ಕೊಟ್ಟ ಮನುಷ್ಯನ ಮೇಲೆ ಊರೆಲ್ಲಾ ಗೂಬೆ ಕೂರಿಸ್ಕೊಂಡು ತಿರುಗಿದೆ. ನೆಲ ನೆಟ್ಟಗೇ ಇತ್ತು ಪುಟ್ಟಿ.

ಅಳಬೇಡ... ನೀನು ಅತ್ರೆ ಬಾಯಿ ಸೊಟ್ಟ ಆಗತ್ತೆ, ಏನು ಹೇಳ್ತೀಯೋ ಗೊತ್ತಾಗಲ್ಲ. ನಿನ್ನ ದನಿ ಈಗ ಹೇಗಿದೆಯೋ! ನನ್ನ ತಲೇಲಿರೋದು ನೀನು ಮದುವೆಯಾಗಿ ಹೊರಟಾಗಿನದು. 'ಬರ್ತೀನಪ್ಪಾ' ಅಂದ್ಯಲ್ಲ, ಅದು. ದಿನಾ ಒಂದು ಸಲ ನೆನೆಸ್ಕೋತೀನಿ. ಜಾಸ್ತಿ ನೆನೆಸಿದ್ರೆ ಸವೆದು ಹೋಗತ್ತೇನೋ ಅಂತ ಭಯ.

ಬರ್ತೀನಿ. ಸಂಜೆ ಬರ್ತೀನಿ. ಅವನ ಬಾಯಿ ಆಡೋದನ್ನಾದ್ರೂ ನೋಡ್ತೀನಿ. ತಪ್ಪಾಯ್ತಣ್ಣ ಅಂತ ಅಲ್ಲೇ ಕೂತು ಮನಸ್ಸಲ್ಲೇ ಹೇಳ್ತೀನಿ. ಅದಕ್ಕೆ ಮುಂಚೆ ಒಂದು ಕೆಲಸ ಮಾಡ್ತೀಯಾ? ಹಾಡು. ಹೊಸದು ಬೇಡ, ಅದು ನನ್ನ ಹತ್ರ ಇಲ್ಲ. ಹಳೇದು, ದೀಪದ್ದು. ಅದು ಒಳಗೇ ಇದೆ, ನೀನು ಶುರು ಮಾಡಿಕೊಟ್ರೆ ಸಾಕು. ನಾಚಿಕೆ ಏನು, ಅಪ್ಪನ ಮುಂದೆ... ಹಾಂ. 'ಆಚೆ ದಡದ'... ಹಾಂ, ಹಾಂ. ಹಾಡು. ನಾನು ಕಣ್ಣು ಮುಚ್ಕೋತೀನಿ.

ಹಾಡ್ತಿದೀಯಾ?

ಪುಟ್ಟಿ... ಹಾಡ್ತಿದೀಯಾ? ನಿಲ್ಲಿಸಿದಾಗ ನನ್ನ ಕೈ ಅದುಮು. ಅಲ್ಲೀವರೆಗೂ ನೀನು ಹಾಡ್ತಾನೇ ಇದೀಯ ಅಂದ್ಕೋತೀನಿ.