ಹಿತ್ತಿಲ ಚಿಪ್ಪಿನ ರಾಶಿ

ಕುಂದಾಪುರದ ಕಡವಿನಲ್ಲಿ ದೋಣಿ ಕಾಯುತ್ತಿದ್ದ ಜಲಜಳ ಬೆನ್ನ ಹಿಂದೆಯೇ ಅಕ್ಕತಂಗಿಯರಿಬ್ಬರ ಮಾತು ನಡೆದಿತ್ತು.

“ಗಂಡಿನ ಮನಿ ಕಂಡ್ಕಂಡ್ ಬಂದ್ಯಲ್ದಾ ಅಕ್ಕ, ಹ್ಯಾಂಗಿತ್ತ್?”

“ಥೂ! ಹಿತ್ಲಂಗೆ ಅವ್ರ್ ತಿಂದ್ ಬಿಸಾಡಿದ್ ಕಪ್ಪೆಚಿಪ್ಪಿನ ರಾಶಿ ಕಂಡೇ ಸಾಕಾಯ್ತ್. ಅಡಿಯಂಗಿಪ್ಪ ಹಳೇದ್ ಅಂಗೈಯಗಲ, ಮೇಲಿಪ್ಪುದೆಲ್ಲ ಉಗ್ರಿನಷ್ಟ್.”

“ಹೊಳಿಯಂಗೆ ಈಗ ದೊಡ್ಡದ್ ಸಿಕ್ಕುದಿಲ್ಲ ಅಂಬ್ರ್.”

“ಮರಿಯನ್ನೇ ಬಾಚಿ ತಿಂದ್ರೆ ದೊಡ್ಡದ್ ಎಲ್ಲಿಂದ ಬತ್ತ್?”

“ಯುದ್ಧದ ಕಾಲ, ಅಕ್ಕಿ ಇಲ್ಲ. ಹೊಟ್ಟಿ ಕೇಂತಾ?”

“ನಮ್ಗ್ ಹೊಟ್ಟಿ ಇಲ್ಯಾ? ಬಿತ್ತುಕಿಟ್ಟ ಭತ್ತ ಬೇಯ್ಸಿ ಉಂಬರ್ ಮನಿಗೆ ನಮ್ಮ್ ಹೆಣ್ಣ್ ಕೊಡುದಾ?”

ದೋಣಿ ಬಂತು. ಅವರಿಬ್ಬರೂ ಹತ್ತಿ ಕುಳಿತರು.

“ಹ್ವಾಯ್, ನೀ ಬತ್ತಿಲ್ಯಾ?” ಎಂದು ಅಂಬಿಗ ಕೂಗಿದ.

ಜಲಜ ತನ್ನ ಬುಟ್ಟಿಯಲ್ಲಿದ್ದ ಉಗುರಿನಷ್ಟು ಚಿಪ್ಪುಗಳ ಮೇಲೆ ಬಾಳೆಲೆ ಎಳೆದಳು.

“ಮುಂದಿನ ದೋಣಿಗೆ ಬತ್ತೆ.”